ಬದಿಗಿಟ್ಟ ಸಪ್ಪಳ

ಶನಿವಾರ ಬೆಳಗ್ಗೆ ಎಂಟಕ್ಕೆ ಸುನಿಲಕುಮಾರ ಕಂಪ್ಯೂಟರ್ ಹಚ್ಚಿದಾಗ ಪರದೆಯ ಮೂಲೆಯಲ್ಲಿ ಕೆಂಪಕ್ಷರದ ಒಂದು ಸಾಲು ಮೂಡಿತು. ಪುಕ್ಕಟೆ ಬಳಕೆಯ ಅವಧಿ ಇಂದು ಸಂಜೆ ಐದಕ್ಕೆ ಮುಗಿಯುತ್ತದೆ ಎಂದು ಅದು ಹೇಳುತ್ತಿತ್ತು. ಹದಿನಾಲ್ಕು ದಿನದ ಹಿಂದೆ ಅದೇ ಮೂಲೆಯಲ್ಲಿ ಅದೇ ಮಾತು ಹಸಿರಕ್ಷರದಲ್ಲಿತ್ತು. ಹದಿನಾಲ್ಕು ದಿನವೆಂದರೆ ಬೇಕಾದಷ್ಟಾಯಿತು ಎಂದು ಅವನು ಆಗ ಅಂದುಕೊಂಡಿದ್ದ. ತಾನೊಬ್ಬ ಮ್ಯೂಸಿಕ್ ಪ್ರೊಡ್ಯೂಸರ್ ಎಂದು ಹೊಸದಾಗಿ ತಿಳಿದುಕೊಂಡವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ, ಅದಕ್ಕೆ ಅವನನ್ನೊಬ್ಬನನ್ನೇ ಬೈದು ಫಲವಿಲ್ಲ.

ಅವಧಿ ಮುಗಿಯುತ್ತಿದ್ದದ್ದು ಒಂದು ಪ್ಲಗಿನ್ನಿನದು. ಪ್ಲಗಿನ್ ಅಂದರೆ ಮತ್ತೇನಲ್ಲ, ಕಂಪ್ಯೂಟರಿನೊಳಗೆ ಹೋಗಿ ಕುಳಿತ ವಾದ್ಯ. ಕೀಲಿ ಒತ್ತಿದರೆ ಕೊಳಲು, ಸಾರಂಗಿ, ಗಂಟೆ, ಇನ್ನೂ ಹೆಸರೇ ಇಡದ ನೂರಾರು ಸಪ್ಪಳ ಹೊರಡಿಸುತ್ತದೆ. ಇಂಥವನ್ನು ಸುನಿಲಕುಮಾರ ಮೂವತ್ತೊಂದು ಇಳಿಸಿಕೊಂಡಿದ್ದ. ಮೂವತ್ತು ಪುಕ್ಕಟೆಯವು. ಇದೊಂದೇ ದುಡ್ಡಿನದು, ಇದೊಂದೇ ಕೇಳುವಂತಿದ್ದದ್ದು. ರಾಗ ಕಟ್ಟಲು ಅವನಿಗೆ ಹಿಡಿದದ್ದು ಹತ್ತೇ ನಿಮಿಷ. ಆ ರಾಗವನ್ನು ಯಾವ ಸಪ್ಪಳದಲ್ಲಿ ನುಡಿಸಬೇಕು ಎಂದು ಯೋಚಿಸುವುದರಲ್ಲಿ ಹದಿಮೂರು ದಿನ ಹೋಗಿದ್ದವು.

ರಾಗ ಬೇಕಾಗಿದ್ದದ್ದು ಗದಗಿನ ಸೀರೆ ಅಂಗಡಿಯ ವಿರೂಪಾಕ್ಷಪ್ಪನವರಿಗೆ. ಸೋಮವಾರ ಅವರ ಎರಡನೇ ಅಂಗಡಿ ಮುಂಡರಗಿಯಲ್ಲಿ ತೆರೆಯುವುದಿತ್ತು. ಡಂಬಳ, ಹಮ್ಮಿಗಿ ಕಡೆ ಸುತ್ತುವ ಪ್ರಚಾರದ ಗಾಡಿಗೆ ಒಂದು ನಿಮಿಷದ ಸಂಗೀತ ಬೇಕು ಎಂದಿದ್ದರು. “ಭಾಳ ಏನ್ ಬ್ಯಾಡ ತಮ್ಮಾ. ಅದು ಕಿವಿಗೆ ಬಿದ್ದ ಕೂಡ್ಲೇ ಹೆಣ್ಮಕ್ಕಳು ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಬಾಗಲಕ್ಕ ಬರಬೇಕು, ಅಷ್ಟ. ಶನಿವಾರ ಸಂಜಿಕ ನಾನ ಬಂದು ಕೇಳ್ತೀನಿ,” ಎಂದು ಹೇಳಿ ಹೋಗಿದ್ದರು. ಸುನಿಲಕುಮಾರನ ಬಾಳಿನಲ್ಲಿ ಇದು ಮೊದಲನೇ ಆರ್ಡರು. ಎರಡನೆಯದು ಬರುವ ಲಕ್ಷಣ ಎಲ್ಲಿಯೂ ಕಾಣುತ್ತಿರಲಿಲ್ಲ.

ಅವನ ಸ್ಟುಡಿಯೋ ಬೆಟಗೇರಿಯ ಅವರ ಮನೆಯ ಹಿಂದಿನ ಖೋಲಿ. ಅಜ್ಜನ ಕಾಲದಲ್ಲಿ ಅಲ್ಲಿ ಕುಣಿಮಗ್ಗವಿತ್ತು. ಮಗ್ಗ ಹೋಗಿ, ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ಉಳಿದಿತ್ತು. ಸುನಿಲಕುಮಾರ ಆ ಕುಣಿಯ ಅಂಚಿನಲ್ಲಿ ಕುಳಿತು, ಕಾಲನ್ನು ಕೆಳಗೆ ಬಿಟ್ಟು, ಎದುರಿನ ಹಲಗೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದ. ಬೆನ್ನು ಬಾಗಿಲಿಗೆ, ಮುಖ ಗೋಡೆಗೆ. ಬಲಕ್ಕೆ ಅವ್ವನ ಉಳ್ಳಾಗಡ್ಡಿ ರಾಶಿ, ಎಡಕ್ಕೆ ಒಣಮೆಣಸಿನಕಾಯಿ ಚೀಲ. ಹೀಗಾಗಿ ಅವನ ಸಂಗೀತದಲ್ಲಿ ಸೀನು ಜಾಸ್ತಿ.

ಅವತ್ತು ಬೆಳಗ್ಗೆ ಅಪ್ಪ ಬಾಬಣ್ಣ ಬಾಗಿಲಲ್ಲಿ ಬಂದು ನಿಂತ.

“ಹದಿನಾಲ್ಕು ದಿನ ಆತು ಈ ಕುಣ್ಯಾಗ ಕಾಲ್ ಇಳಿಬಿಟ್ಟು ಕುಂತು. ಇಷ್ಟ ದಿನದಾಗ ನಮ್ಮಪ್ಪ ಇಲ್ಲೇ ಕುಂತು ಐದು ಸೀರಿ ಇಳಸ್ತಿದ್ದ. ನೀ ಏನ್ ಇಳಸಿದಿ?”

“ಮೂವತ್ತೊಂದು ಪ್ಲಗಿನ್ ಇಳಸೇನಿ ಅಪ್ಪ.”

“ಉಟ್ಕೊಳ್ಳಾಕ ಬರ್ತಾವೇನು?”

ಬಾಬಣ್ಣ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದನೆಂದರೆ ಮನೆಯವರೆಲ್ಲ ಹೆದರುತ್ತಿದ್ದರು.

“ನೋಡು, ನಾ ಏನ್ ಕಟುಕ ಅಲ್ಲ. ಇವತ್ತ ದೀಪ ಹಚ್ಚೋದ್ರಾಗ, ನಿಮ್ಮವ್ವನ್ನ ಬಿಟ್ಟು, ವ್ಯವಹಾರ ತಿಳದ ಒಬ್ಬ ಮನಶ್ಯಾ ಈ ಖೋಲ್ಯಾಗ ನೀ ಮಾಡೋದನ್ನ ಕಣ್ಣಾರೆ ನೋಡಿ ‘ಇದು ಕೆಲಸ’ ಅಂದ್ರ ಸಾಕು. ಆಮ್ಯಾಲೆ ನಿನ್ನ ತಂಟೇಕ ಬರೂದಿಲ್ಲ. ಯಾರೂ ಅನ್ನಲಿಲ್ಲಂದ್ರ ಸೋಮವಾರ ಲಕ್ಷ್ಮೇಶ್ವರದ ಬಸ್ ಹತ್ತು. ನಿಮ್ಮ ಮಾಮಾ ಪುಂಡಲೀಕಪ್ಪನ ಎಣ್ಣಿ ಮಿಲ್ಲಿನಾಗ ಶೇಂಗಾ ಚೀಲ ತೂಗಾಕ ಮಂದಿ ಬೇಕಾಗ್ಯಾರ.”

ಎಣ್ಣೆ ಮಿಲ್ಲಿನ ಹೆಸರು ಕೇಳಿದ್ದೇ ಸುನಿಲಕುಮಾರ ಲೆಕ್ಕ ಹಾಕತೊಡಗಿದ. ಸಂಜೆ ವಿರೂಪಾಕ್ಷಪ್ಪನವರು ಬಂದು ರಾಗ ಕೇಳಿ ಮೆಚ್ಚಿದರೆ ಎಲ್ಲ ಸರಿಹೋಗುತ್ತದೆ. ಮೆಚ್ಚಬೇಕಾದರೆ ಹೆಂಗಸರಿಗೆ ಹಿಡಿಸುವ ಸಪ್ಪಳ ಬೇಕು. ಅದನ್ನು ಗಂಡಸಾದ ತಾನು ಗೋಡೆ ನೋಡುತ್ತ ಆರಿಸುವುದು ಮೂರ್ಖತನ, ಮನೆಯಲ್ಲೇ ಇರುವ ಹೆಂಗಸನ್ನು ಕೇಳಿದರಾಯಿತು ಎಂದು ಅವನಿಗೆ ಹೊಳೆಯಿತು. ಹದಿನಾಲ್ಕು ದಿನದಲ್ಲಿ ಅವನು ತೆಗೆದುಕೊಂಡ ಮೊದಲ ತೀರ್ಮಾನ ಇದು. ತೆಗೆದುಕೊಳ್ಳದಿದ್ದರೆ ಚೆನ್ನಾಗಿತ್ತು.

“ಯವ್ವ, ಒಂದ್ ನಿಮಿಷ ಬಾ. ಎರಡು ಸಪ್ಪಳ ಹಚ್ತೀನಿ, ಯಾವುದು ಛಲೋ ಐತಿ ಅಷ್ಟ ಹೇಳು.”

ಚೌಡವ್ವ ಕೈ ಒರೆಸಿಕೊಳ್ಳುತ್ತ ಬಂದಳು. “ಆರಿಸೋದೇನು?” ಎಂದು ಕೇಳಿದಳು. ಹೌದು ಎಂದ. ಚೌಡವ್ವ ಕೇಳಲು ಕೂರಲಿಲ್ಲ. ಹಿತ್ತಲ ಗೋಡೆಗೆ ಹೋಗಿ, “ಗುಲಾಬಬಿ, ಜಲ್ದಿ ಬಾ. ಸುನ್ಯಾ ಏನೋ ಆರಿಸಾಕ ಕರದಾನ,” ಎಂದು ಕೂಗಿದಳು.

ಬೆಟಗೇರಿಯ ಆ ಓಣಿಯಲ್ಲಿ ಹೆಂಗಸೊಬ್ಬಳು ಒಂದು ವಸ್ತುವನ್ನು ತಾನೊಬ್ಬಳೇ ಆರಿಸುವ ಪದ್ಧತಿ ಇಲ್ಲ. ಎಲ್ಲರೂ ಸೇರಿ ಆರಿಸಿದರೆ ಮುಂದೆ ಬಣ್ಣ ಬಿಟ್ಟಾಗ ಬೈಯಲು ಯಾರಾದರೂ ಸಿಗುತ್ತಾರೆ. ಪಕ್ಕದ ಮನೆಯ ಗುಲಾಬಬಿ ಬಂದಳು, ಅವಳ ಹಿಂದೆ ಸೊಸೆ ತಸ್ಲೀಮ ಬಂದಳು. ಅವರು ಹೋಗುವುದನ್ನು ನೋಡಿದವರು ಬಂದರು. ಬಂದವರನ್ನು ನೋಡಿ ಮತ್ತಿಬ್ಬರು ಬಂದರು. ಚೌಡವ್ವ ಉಳ್ಳಾಗಡ್ಡಿಯನ್ನು ಮೂಲೆಗೆ ನೂಕಿ ಜಮಖಾನೆ ಹಾಸಿದಳು. ಹನ್ನೊಂದು ಗಂಟೆಗೆ ಹನ್ನೊಂದು ಜನ ಹೆಂಗಸರು ಗೋಡೆಗೆ ಒರಗಿ, ಕಾಲು ಮಡಚಿ, ಪೂರಾ ದಿನಕ್ಕೆ ತಯಾರಾಗಿ ಕುಳಿತಿದ್ದರು.

ಸುನಿಲಕುಮಾರ ಮೊದಲನೇ ಸಪ್ಪಳಕ್ಕೆ ಬೆರಳಿಟ್ಟ.

“ಮೊದಲನೇದು ಬ್ಯಾಡ,” ಎಂದಳು ಗುಲಾಬಬಿ.

“ಇನ್ನೂ ಹಚ್ಚೇ ಇಲ್ಲ ಚಾಚಿ.”

“ಹಚ್ಚೋದ ಬ್ಯಾಡ. ಮೊದಲ ತೋರಸೋದು ಯಾವಾಗ್ಲೂ ಹೋಗದ ಮಾಲ ಇರ್ತೈತಿ. ಒಳಗಿಂದು ತೆಗಿ.”

ಹನ್ನೊಂದೂ ತಲೆಗಳು ಹೌದೆಂದವು. ಸುನಿಲಕುಮಾರ ಒಳಗಿನದು ತೆಗೆದ. ಕೊಳಲಿನಂಥದ್ದು. ಹೆಂಗಸರು ಕಣ್ಣು ಕಿರಿದು ಮಾಡಿ ಕೇಳಿದರು. ಇದರಲ್ಲೇ ಸ್ವಲ್ಪ ತಿಳಿಯಾದದ್ದು ಇದೆಯೇ ಎಂದು ಒಬ್ಬಳು ಕೇಳಿದಳು. ಅವನು ಮೇಲಿನ ಸ್ವರಕ್ಕೆ ಏರಿಸಿದ. ಅಷ್ಟು ತಿಳಿ ಬೇಡ, ಗಾಡಿ ಧೂಳಿನಲ್ಲಿ ತಿರುಗುತ್ತದೆ, ಜಲ್ದಿ ಮಾಸುತ್ತದೆ ಎಂದಳು ಇನ್ನೊಬ್ಬಳು. ಅವನು ಅರ್ಧಕ್ಕೆ ಇಳಿಸಿದ.

“ಸೆರಗ ತೋರ್ಸು,” ಎಂದಳು ಗುಲಾಬಬಿ.

“ಸಪ್ಪಳಕ್ಕ ಸೆರಗ ಎಲ್ಲಿಂದ ತರ್ಲಿ ಚಾಚಿ?”

“ಕಡೀಕ ಹೆಂಗ್ ಬರ್ತೈತಿ ಅಂತ ಕೇಳಾಕತ್ತಾಳಲೇ,” ಎಂದು ಚೌಡವ್ವ ತಿಳಿಸಿ ಹೇಳಿದಳು. ಅವನು ಸ್ವರವನ್ನು ಕೊನೆಯ ತನಕ ಎಳೆದು ಬಿಟ್ಟ. ಅದು ನಿಧಾನವಾಗಿ ಕರಗಿತು. ಮೈ ಒಪ್ಪಿತು, ಸೆರಗು ಒಪ್ಪಲಿಲ್ಲ ಎಂದು ತೀರ್ಪಾಯಿತು. “ಬದಿಗಿಡು. ಬ್ಯಾರೆ ತೆಗಿ.”

ಬದಿಗಿಡು ಅಂದರೆ ಬೇಡ ಎಂದಲ್ಲ, ಬೇಕು ಎಂದೂ ಅಲ್ಲ. ಅವನು ಒಂದು ಚೀಟಿಯಲ್ಲಿ ಅದರ ನಂಬರು ಬರೆದುಕೊಂಡ. ಐದನೆಯದು, ಒಂಬತ್ತನೆಯದು, ಹದಿನಾಲ್ಕನೆಯದು ಹೀಗೆ ಬದಿಗೆ ಹೋದವು. ಹದಿನೇಳನೆಯದು ಎಲ್ಲರಿಗೂ ಹಿಡಿಸಿತು. ಹಿಡಿಸಿದ್ದಕ್ಕೇ ಗುಲಾಬಬಿಗೆ ಸಂಶಯ ಬಂತು. ಇಂಥದ್ದೇ ಸಪ್ಪಳ ಅಂತೂರ ಬೆಂತೂರದಲ್ಲಿ ಯಾರದೋ ಮದುವೆಯಲ್ಲಿ ಬಂದು ಹೋಗಿದೆ, ಮಂದಿ ಉಟ್ಟು ಬಿಟ್ಟದ್ದು ನಮಗೆ ಯಾಕೆ ಎಂದಳು. ಅದೂ ಬದಿಗೆ ಹೋಯಿತು.

ಇಷ್ಟರ ಮಧ್ಯೆ ಇನ್ನೊಂದು ತೊಡಕು ಎದ್ದಿತು. ಪುಕ್ಕಟೆ ಬಳಸುವವರಿಗೆ ನೆನಪಿರಲಿ ಎಂದು ಆ ಪ್ಲಗಿನ್ ಅರ್ಧ ನಿಮಿಷಕ್ಕೊಮ್ಮೆ ತಾನೇ ಗಪ್ಪಾಗಿ, ಒಂದು ಕ್ಷಣ ಬಿಟ್ಟು ಮತ್ತೆ ನುಡಿಯುತ್ತಿತ್ತು. ದುಡ್ಡು ಕಟ್ಟಿದರೆ ಹೋಗುವಂಥದ್ದು. ಆದರೆ ಬಟ್ಟೆಯ ಊರಿನ ಕಿವಿ ಸುಮ್ಮನಿರುತ್ತದೆಯೇ.

“ನಡುವ ತೂತ ಐತಿ,” ಎಂದಳು ತಸ್ಲೀಮ.

“ಅದು ಮಷೀನಿಂದು ಭಾಬಿ. ಹಾಡು ಇಳಸೋವಾಗ ಆ ಜಾಗಾ ಕತ್ತರಿಸಿ ಜೋಡಸ್ತೀನಿ.”

“ರಫೂ ಮಾಡಿದ್ದು ಗೊತ್ತಾಗ್ತೈತಿ,” ಎಂದಳು ಅವಳು, ಬಹಳ ದುಃಖದಿಂದ.

ಮೂರು ಗಂಟೆಗೆ ಕ್ಲಾರಿನೆಟ್ಟಿನಂಥ ಒಂದು ಸಪ್ಪಳ ಹಚ್ಚಿದ್ದೇ ತಡ, ಪಕ್ಕದ ಮನೆಯಿಂದ ಗುಲಾಬಬಿಯ ಗಂಡ ಮರ್ದಾನಸಾಬ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. ಮೂವತ್ತೈದು ವರ್ಷ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದಿ, ಈಗ ದಮ್ಮು ಹತ್ತಿ ಮನೆಯಲ್ಲಿ ಕುಳಿತವನು. ಜಮಖಾನೆಯ ಅಂಚಿನಲ್ಲಿ ನಿಂತು ಪೂರಾ ಒಂದು ನಿಮಿಷ ಕೇಳಿದ.

“ಇವ ಉಸರ ಎಲ್ಲಿ ತಗೋತಾನಪಾ?”

“ಕಂಪ್ಯೂಟರ್ ಚಾಚಾ. ಅದಕ್ಕ ಉಸರ ಬೇಕಾಗಿಲ್ಲ.”

“ಉಸರಿಲ್ಲದಾವ ಊದಿದ್ದನ್ನ ಅಂಗಡಿ ತಗಿಯೋ ದಿವಸ ಬಾರಸ್ತೀಯೇನು? ಖರೆ ಹೇಳ್ತೀನಿ, ಗಿರಾಕಿ ಓಡಿ ಹೋಗ್ತಾರ. ನಾಕು ತಾಳಕ್ಕೊಮ್ಮೆ ಉಸರ ಬಿಡಿಸು.”

ದೊಡ್ಡವರ ಮಾತು. ಸುನಿಲಕುಮಾರ ನಾಲ್ಕು ತಾಳಕ್ಕೊಮ್ಮೆ ಸಪ್ಪಳ ಕತ್ತರಿಸಿ ಉಸಿರು ಬಿಡಿಸಿದ. ಮರ್ದಾನಸಾಬನ ಮುಖ ಅರಳಿತು. ಹೆಂಗಸರ ಸಾಲಿನಲ್ಲಿ ಗದ್ದಲವೆದ್ದಿತು.

“ಮೊದಲ ಒಂದ್ ತೂತ ಇತ್ತು, ಈಗ ಜಾಳಿಗಿ ಮಾಡಿಟ್ಟ,” ಎಂದಳು ಗುಲಾಬಬಿ.

“ಅದು ತೂತಲ್ಲ, ಉಸರು,” ಎಂದ ಮರ್ದಾನಸಾಬ.

“ನಿಮ್ಮ ಉಸರು ನಿಮಗ ನೆಟ್ಟಗ ಬರವಲ್ದು, ಕಂಪ್ಯೂಟರಿಗೆ ಎಲ್ಲಿದು ಕೊಡ್ತೀರಿ?”

ಗಂಡ ಹೆಂಡತಿಯ ನಡುವೆ ಸಿಕ್ಕ ಸುನಿಲಕುಮಾರ ಒಮ್ಮೆ ಉಸಿರು ತೆಗೆದು ಚಾಚಿಗೆ ಕೇಳಿಸಿದ, ಒಮ್ಮೆ ಹಾಕಿ ಚಾಚಾನಿಗೆ ಕೇಳಿಸಿದ. ಅವನ ಎಡಗಾಲು ಕುಣಿಯಲ್ಲಿ ಜೋಮು ಹಿಡಿದಿತ್ತು. ಮೂಗಿನಲ್ಲಿ ಮೆಣಸಿನಕಾಯಿಯ ಘಾಟು ತುಂಬಿತ್ತು. ಒಳಗೊಳಗೇ ಅವನಿಗೆ ಅಳು ಬರುತ್ತಿತ್ತು, ಆದರೆ ಇವರನ್ನು ನೋಯಿಸಿದರೆ ಹಿಡಿಸುವ ಸಪ್ಪಳ ಯಾವುದೆಂದು ಹೇಳುವವರು ಬೇರೆ ಯಾರೂ ಇಲ್ಲ. “ಆತ್ರಿ ಚಾಚಿ, ಹಂಗೂ ತೋರಸ್ತೀನಿ, ಹಿಂಗೂ ತೋರಸ್ತೀನಿ,” ಎಂದು ನಗುತ್ತಲೇ ಇದ್ದ. ತಸ್ಲೀಮ ಹನ್ನೆರಡು ಸಪ್ಪಳಗಳನ್ನು ಫೋನಿನಲ್ಲಿ ಹಿಡಿದು ಶಿರಹಟ್ಟಿಯ ಅಕ್ಕನಿಗೆ ಕಳಿಸಿದಳು. ಅಕ್ಕನಿಗೆ ಎಲ್ಲವೂ ಮನಸ್ಸಿಗೆ ಬಂದವು, ಅಕ್ಕನ ಅತ್ತೆಗೆ ಒಂದೂ ಬರಲಿಲ್ಲ ಎಂದು ಉತ್ತರ ಬಂತು.

ನಾಲ್ಕೂವರೆಗೆ ಎಂಬತ್ತನಾಲ್ಕು ಸಪ್ಪಳ ಮುಗಿದಿದ್ದವು. ಚೀಟಿಯಲ್ಲಿ ಐವತ್ತೊಂದು ಬದಿಗಿದ್ದವು. ಒಂದೂ ಆರಿಸಿರಲಿಲ್ಲ.

“ಅಲ್ಲ, ಆ ಮೊದಲನೇದು ನೀ ತೋರಸಲೇ ಇಲ್ಲಲ್ಲ,” ಎಂದಳು ಗುಲಾಬಬಿ.

ಸುನಿಲಕುಮಾರ ಅವಳ ಮುಖ ನೋಡಿದ. ಮೊದಲನೆಯದನ್ನು ಹಚ್ಚಿದ.

ಅದು ಸನಾದಿಯೂ ಅಲ್ಲ, ಕೊಳಲೂ ಅಲ್ಲ, ಎರಡರ ನಡುವಿನ ಒಂದು ಮೆತ್ತನೆಯ ದನಿ. ಅವನ ಆ ಹತ್ತು ನಿಮಿಷದ ರಾಗ ಅದರಲ್ಲಿ ಇಷ್ಟು ಚೆನ್ನಾಗಿ ಕೇಳಬಹುದೆಂದು ಅವನಿಗೇ ತಿಳಿದಿರಲಿಲ್ಲ. ಮರ್ದಾನಸಾಬ ಕಣ್ಣು ಮುಚ್ಚಿದ. ಚೌಡವ್ವ ಚಾದ ಲೋಟ ಕೆಳಗಿಟ್ಟಳು. ಗುಲಾಬಬಿ ಸೆರಗನ್ನು ಸಹ ಕೇಳಲಿಲ್ಲ.

“ಇದ,” ಎಂದಳು. ಹನ್ನೊಂದು ಜನರೂ “ಇದ” ಎಂದರು.

ಸುನಿಲಕುಮಾರನ ಕಣ್ಣು ತುಂಬಿ ಬಂತು. ಆ ಕ್ಷಣದಲ್ಲಿ ಅವನು ನಿಜವಾಗಿಯೂ ಸಂಗೀತಗಾರನಾಗಿದ್ದ, ಬೇರೆ ಯಾರು ಏನೇ ಅನ್ನಲಿ. ಗಡಿಯಾರ ನೋಡಿದ. ನಾಲ್ಕು ಐವತ್ತು. ಅವಸರದಿಂದ ತೂತುಗಳನ್ನು ಕತ್ತರಿಸಿ ಜೋಡಿಸಿ, ಹಾಡನ್ನು ಇಳಿಸಲು ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಸರಿಯತೊಡಗಿತು. ಅರ್ಧ, ಮುಕ್ಕಾಲು, ಇನ್ನೊಂದು ಬೆರಳಿನಷ್ಟು ಉಳಿದಾಗ ಕರೆಂಟು ಹೋಯಿತು.

ಬಂದದ್ದು ಐದೂ ಇಪ್ಪತ್ತಕ್ಕೆ. ರಾಗ ಇತ್ತು, ಅದನ್ನು ನುಡಿಸುವ ಪ್ಲಗಿನ್ನಿಗೆ ಬೀಗ ಬಿದ್ದಿತ್ತು. ಯಾವ ಸಪ್ಪಳ ಒತ್ತಿದರೂ ದುಡ್ಡು ಕಟ್ಟಿ ಎಂಬ ಒಂದೇ ಚೌಕ ಏಳುತ್ತಿತ್ತು. ಅದರಲ್ಲಿ ಬರೆದ ಮೊತ್ತಕ್ಕೆ ಆ ಉಳ್ಳಾಗಡ್ಡಿ ರಾಶಿ, ಮೆಣಸಿನಕಾಯಿ ಚೀಲ, ಖೋಲಿಯ ಬಾಗಿಲು ಎಲ್ಲ ಮಾರಿದರೂ ಸಾಲುತ್ತಿರಲಿಲ್ಲ.

“ಬಂದ್ ಆತ್ರಿ,” ಎಂದ ಸುನಿಲಕುಮಾರ. “ಆ ಮಾಲ ಇನ್ನ ಬರೂದಿಲ್ಲ.”

“ಪೂರಾ ದಿನ ಕುಂಡ್ರಿಸಿ, ಪಸಂದ ಮಾಡಿಸಿ, ಈಗ ಮಾಲ ಇಲ್ಲಂದ್ರ ಹೆಂಗ?” ಗುಲಾಬಬಿಗೆ ಸಿಟ್ಟು ಬಂದಿತ್ತು. ಹೆಂಗಸರು ಸೀರೆ ಕೊಡವಿಕೊಂಡು ಏಳತೊಡಗಿದರು.

ಮುಂಜಾನೆಯಿಂದ ಹಿಡಿದ ಅಭ್ಯಾಸ ಅವನ ಬಾಯಿಂದ ತಾನಾಗಿ ಮಾತಾಡಿತು. “ಹಂಗ್ಯಾಕ ಚಾಚಿ, ಕುಂಡ್ರಿ. ಅದರಂಥಾದ್ದ ಇನ್ನೊಂದು ತೋರಸ್ತೀನಿ. ನೋಡಾಕೇನ್ ರೊಕ್ಕ ಬೀಳ್ತೈತೇನು? ಯವ್ವ, ಚಾಚಿಗೆ ಇನ್ನೊಂದ್ ಕಪ್ ಚಾ ತಾ.”

ಹೆಂಗಸರು ಮತ್ತೆ ಕುಳಿತರು. ಆಗ ಅವನ ಬೆನ್ನ ಹಿಂದೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಹೊರಗಿನ ಪಡಸಾಲೆಯಲ್ಲಿ, ಖೋಲಿ ಪೂರಾ ಕಾಣುವಂತೆ ಹಾಕಿದ ಕುರ್ಚಿಯಲ್ಲಿ ವಿರೂಪಾಕ್ಷಪ್ಪನವರು ಕುಳಿತಿದ್ದರು. ಪಕ್ಕದಲ್ಲಿ ಬಾಬಣ್ಣ. ಇಬ್ಬರ ನಡುವೆ ಖಾಲಿಯಾದ ನಾಲ್ಕು ಚಾದ ಕಪ್ಪುಗಳಿದ್ದವು.

“ಸಾವ್ಕಾರ್ರ, ಯಾವಾಗ ಬಂದ್ರಿ?”

“ಎರಡೂವರಿಗೆ. ಜಲ್ದಿನ ಬಂದೆ. ಕರೀಬ್ಯಾಡ, ಹುಡುಗ ಕೆಲಸದಾಗ ಅದಾನ ಅಂತ ನಾನ ನಿಮ್ಮಪ್ಪಗ ಅಂದೆ. ಎಲ್ಲಿ, ನಿನ್ನ ಹಾಡು ಕೇಳಸು.”

ಅವನು ಉಳಿದ ಮೂವತ್ತು ಪುಕ್ಕಟೆ ಪ್ಲಗಿನ್ನುಗಳಲ್ಲಿ ಕೈಗೆ ಸಿಕ್ಕಿದ್ದಕ್ಕೆ ರಾಗ ಹಚ್ಚಿದ. ಹಿಂದಕ್ಕೆ ಬರುವ ಲಾರಿಯ ಸಪ್ಪಳ ಹೊರಟಿತು. ಒಂದು ನಿಮಿಷ ಲಾರಿ ಹಿಂದಕ್ಕೇ ಬಂತು. ಮುಗಿದಾಗ ಸುನಿಲಕುಮಾರನಿಗೆ ಕುಣಿಯೊಳಗೆ ಪೂರಾ ಇಳಿದುಬಿಡೋಣ ಅನ್ನಿಸಿತು.

“ಆತು. ಇದ ಇರ್ಲಿ,” ಎಂದರು ವಿರೂಪಾಕ್ಷಪ್ಪ.

“ಖರೇನ ಪಸಂದ ಆತ್ರಿ?”

“ಡಂಬಳದ ರಸ್ತೆದಾಗ ಆ ಗಾಡಿ ಬಡಕೊಳ್ಳೋ ಸಪ್ಪಳದಾಗ ಯಾವ ಹಾಡಾದ್ರೂ ಇಷ್ಟ ಕೇಳ್ತೈತಿ. ಅದನ್ನ ಬಿಡು.” ಅವರು ಎದ್ದು ಖೋಲಿಯೊಳಗೆ ಬಂದರು. “ಬಾಬಣ್ಣ, ಮೂವತ್ತು ವರ್ಷದಾಗ ನಾ ಎಷ್ಟೋ ಹುಡುಗರನ್ನ ಕೌಂಟರಿನಾಗ ನಿಲ್ಲಿಸೇನಿ. ಎಂಟನೇ ಸೀರಿ ಬಿಚ್ಚೋದ್ರಾಗ ಮಾರಿ ಗಂಟ ಹಾಕ್ತಾರ, ಇಪ್ಪತ್ತನೇದಕ್ಕ ಗಿರಾಕಿಗೆ ಎದುರ ಮಾತಾಡ್ತಾರ. ನಿನ್ನ ಮಗ ಹನ್ನೊಂದು ಹೆಣ್ಮಕ್ಕಳಿಗೆ ಎಂಬತ್ನಾಕು ತೋರಸಿದ. ಅಂದದ್ದನ್ನ ಬದಿಗಿಟ್ಟ, ಬದಿಗಿಟ್ಟದ್ದನ್ನ ಮತ್ತ ತಗದ. ಮಾಲ ಮುಗದ ಮ್ಯಾಲೂ ಎದ್ದಾಕಿನ್ನ ಕುಂಡ್ರಿಸಿದ. ನಾ ಕಣ್ಣಾರೆ ನೋಡೇನಿ. ಇದು ಕೆಲಸ. ಇದಕ್ಕ ಕೆಲಸ ಅಂತಾರ.”

ಬಾಬಣ್ಣ ಎದ್ದು ನಿಂತ. ಅವನು ಕೊಟ್ಟ ಮಾತಿಗೆ ನಿಲ್ಲುವ ಮನುಷ್ಯ. “ಇನ್ನೊಮ್ಮೆ ಅನ್ರಿ,” ಎಂದ.

“ಇದು ಕೆಲಸ. ಸೋಮವಾರದಿಂದ ಮುಂಡರಗಿ ಅಂಗಡಿ ಕೌಂಟರ್ ಇವಂದು. ಮುಂಜಾನೆ ಒಂಬತ್ತಕ್ಕ ಬಂದ್ರ ರಾತ್ರಿ ಒಂಬತ್ತರ ಮಟ. ಐತವಾರ ಗಿರಾಕಿ ಜಾಸ್ತಿ, ಅವತ್ತ ಸೂಟಿ ಇಲ್ಲ.”

ಚೌಡವ್ವ ಸಕ್ಕರೆ ಡಬ್ಬಿ ತರಲು ಓಡಿದಳು. ಗುಲಾಬಬಿ ತನ್ನ ಎರಡೂ ಕೈಯಿಂದ ಸುನಿಲಕುಮಾರನ ದೃಷ್ಟಿ ತೆಗೆದಳು. ಮುಂಜಾನೆಯಿಂದ ಸಂಜೆಯ ತನಕ ಒಂದೇ ಒಂದು ಸಪ್ಪಳಕ್ಕೆ ಒಪ್ಪಿದ್ದ ಹನ್ನೊಂದು ಹೆಂಗಸರು ಈ ವಿಷಯದಲ್ಲಿ ಒಂದೇ ಬಾಯಿಯಾಗಿ, ಹುಡುಗ ಇದಕ್ಕಂತಲೇ ಹುಟ್ಟಿದ್ದಾನೆ ಎಂದರು.

“ಸಾವ್ಕಾರ್ರ, ನಾ ಮ್ಯೂಸಿಕ್ ಮಾಡಾವ್ರಿ,” ಎಂದ ಸುನಿಲಕುಮಾರ. ಅವನ ದನಿ ಯಾರಿಗೂ ಕೇಳಲಿಲ್ಲ. ಅಪ್ಪನ ಕೈ ಹಿಡಿದ. “ಅಪ್ಪ, ನಾ ಲಕ್ಷ್ಮೇಶ್ವರಕ್ಕ ಹೋಗ್ತೀನಿ. ಶೇಂಗಾ ಚೀಲ ತೂಗ್ತೀನಿ. ಮಾತಾಡೋದಿರೂದಿಲ್ಲ, ತಲ್ಯಾಗ ರಾಗಾದ್ರೂ ಕಟ್ಕೋಬಹುದು.”

“ಆ ಮಾತ ಮುಗೀತು. ಕರೆಂಟ್ ಹೋದಾಗ ಪುಂಡಲೀಕಪ್ಪಗ ಫೋನ್ ಹಚ್ಚಿ, ಹುಡುಗಗ ಇಲ್ಲೇ ಕೆಲಸ ಆತು ಅಂತ ಹೇಳೇನಿ. ಅವ ಬ್ಯಾರೆ ಆಳ ತಗೊಂಡ,” ಎಂದ ಬಾಬಣ್ಣ. “ಸಾವ್ಕಾರ್ರು ಆಗಲೇ ನನ್ನ ಮುಂದ ಆ ಮಾತ ಅಂದಿದ್ರು. ನಿನ್ನ ಕಿವಿಗೆ ಬೀಳ್ಲಿ ಅಂತ ಇನ್ನೊಮ್ಮೆ ಅನ್ನಿಸಿದೆ.”

ಆಮೇಲೆ ಬಾಬಣ್ಣ, ಹುಟ್ಟಿದಾಗಿನಿಂದ ಮಗನನ್ನು ಹಾಗೆ ಮುಟ್ಟಿರದವನು, ಅವನ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. “ನನ್ನ ತಪ್ಪಾತು ತಮ್ಮಾ. ಸಂಗೀತ ಕಲತ್ರ ಇಂಥಾ ಕೆಲಸ ಸಿಗ್ತೈತಿ ಅಂತ ಗೊತ್ತಿದ್ರ, ಈ ಕಂಪ್ಯೂಟರ್ ಎರಡು ವರ್ಷ ಮೊದಲ ಕೊಡಸ್ತಿದ್ದೆ,” ಎಂದು ಹೇಳಿ ದೀಪ ಹಚ್ಚಲು ಒಳಗೆ ಹೋದ.